ಗೋಡೆಯ ಮುಂದಿನ ಜೋಡು

ನಾನು ಹೇಳುವುದರಲ್ಲಿ ಮುಕ್ಕಾಲು ಪಾಲು ಬೂಟಾಟಿಕೆ ಎಂದು ಗೆಳೆಯ ಲೋಹಿತ್ ಆಕ್ಲೆಂಡ್ ತುಂಬ ಹೇಳಿಕೊಂಡು ತಿರುಗುತ್ತಾನೆ. ತಿರುಗಲಿ. ಇದು ಮಾತ್ರ ನಡೆದದ್ದು ನಡೆದ ಹಾಗೆ. ಇದರಲ್ಲಿ ಬೂಟು ಇದೆ, ಆಟಿಕೆ ಇಲ್ಲ. ನಂಬದವರು ಊರಂಚಿನ ತಕಾನಿನಿ ಬಡಾವಣೆಗೆ ಹೋಗಿ ನಂದೀಶನ ಮನೆಯ ಕರೆಗಂಟೆ ಒತ್ತಿ ನೋಡಿ. ಅವನು ಬಾಗಿಲು ತೆರೆಯುವ ಮುಂಚೆ ಕಿಟಕಿಯಿಂದ ನಿಮ್ಮ ಕಾಲು ನೋಡುತ್ತಾನೆ.

2018ರ ಜುಲೈ ತಿಂಗಳು, ಭಾನುವಾರ, ಮಧ್ಯಾಹ್ನ ಮೂರು ಗಂಟೆ. ನಂದೀಶ ಗದಗಿನವನು, ನಾನು, ಗುರುದತ್ತ, ಮೈಸೂರಿನವನು. ಇಲ್ಲಿಗೆ ಓದಲು ಬಂದಾಗ ಒಂದೇ ಫ್ಲಾಟಿನಲ್ಲಿ ಇದ್ದವರು. ಅವನು ಕೊಂಡ ಹೊಸ ಮನೆಯ ಎಡಬಲಕ್ಕೆ ಇನ್ನೂ ಕಟ್ಟಿ ಮುಗಿಯದ ಮನೆಗಳು. ಅವುಗಳ ಗೋಡೆಗೆ ಸುತ್ತಿದ ಪ್ಲಾಸ್ಟಿಕ್ಕು ಗಾಳಿಗೆ ಪಟಪಟ ಎನ್ನುತ್ತಿತ್ತು, ಒಳಗೆ ಯಾರೋ ಬಟ್ಟೆ ಕೊಡವುತ್ತಿರುವ ಹಾಗೆ. ಬೀದಿಯಲ್ಲಿ ಮನುಷ್ಯರಿದ್ದದ್ದು ಇದೊಂದೇ ಮನೆಯಲ್ಲಿ.

ಅವನ ಹೆಂಡತಿ ರುದ್ರಾಣಿಗೆ, ಹದಿನಾಲ್ಕು ತಿಂಗಳು ಅರ್ಜಿ ಹಾಕಿದ ಮೇಲೆ, ಪೆನ್‌ರೋಸಿನ ಒಂದು ಗೋದಾಮಿನಲ್ಲಿ ಸರಕು ತಪಾಸಣೆಯ ಕೆಲಸ ಸಿಕ್ಕಿತ್ತು. ಸೋಮವಾರ ಬೆಳಿಗ್ಗೆ ಏಳಕ್ಕೆ ಹಾಜರಾಗಬೇಕು. ಅದೇ ಸೋಮವಾರ ನಂದೀಶನ ಕಂಪನಿ ಅವನನ್ನು ಆರು ವಾರದ ಮಟ್ಟಿಗೆ ದೂರದ ಲೋವರ್ ಹಟ್ ಊರಿಗೆ ಕಳಿಸುತ್ತಿತ್ತು.

"ಇಕಿನ್ನ ಈ ಬೀದಿಯೊಳಗ ಒಬ್ಬಾಕಿನ್ನ ಬಿಟ್ಟು ಹೆಂಗ ಹೋಗಲಿ?" ಎಂದು ನಂದೀಶ ನನ್ನನ್ನೂ ಲೋಹಿತ್ ದಂಪತಿಯನ್ನೂ ಕೇಳಿದ. "ಬೆಕ್ಕು ಜಿಗಿದ್ರ ಸಾಕು, ನನ್ನ ಎಬ್ಬಸ್ತಾಳ. ಕೆಲಸ ಇನ್ನೊಂದು ಸಿಕ್ಕೀತು. ನನ್ನ ಜೋಡಿ ಬರಲಿ."

"ಎಬ್ಬಿಸಿದ್ರ ನೀವೇನು ಏಳ್ತೀರಿ?" ರುದ್ರಾಣಿ ಗಿರ್ಮಿಟ್ಟಿನ ತಟ್ಟೆಗಳನ್ನು ಟೀಪಾಯಿಯ ಮೇಲೆ ಕುಕ್ಕಿದಳು. "ಮುಸುಕು ಹೊದ್ಕೊಂಡು, 'ಹೋಗಿ ನೋಡ್ಕೊಂಡು ಬಾ' ಅಂತೀರಿ. ಇನ್ನೊಂದು ಕೆಲಸ ಸಿಗಾಕ ಇನ್ನೂ ಹದಿನಾಲ್ಕು ತಿಂಗಳು ಕಾಯಲೇನು?"

ನಾವು ಸೇರಿದ್ದು ಒಂದು ಹೊಸ ಜರ್ಮನ್ ಧಾರಾವಾಹಿ ನೋಡಲು. ಸಾವಿರದ ಒಂಬೈನೂರ ಇಪ್ಪತ್ತರ ದಶಕದ ಬರ್ಲಿನ್, ಕೊಲೆ, ಪೊಲೀಸು. ಅದರ ಮೊದಲ ಹತ್ತು ನಿಮಿಷವನ್ನು ನಂದೀಶನ ಆಫೀಸಿನಲ್ಲಿ ಒಬ್ಬರೂ ಪೂರ್ತಿ ನೋಡಿಲ್ಲವಂತೆ. ಒಬ್ಬ ನಾಯಿಯನ್ನು ಪಕ್ಕಕ್ಕೆ ಕೂರಿಸಿಕೊಂಡು ನೋಡಿದನಂತೆ; ನಾಯಿಯೇ ಎದ್ದು ಹೋಯಿತಂತೆ.

"ಹಂಗಾರ ಪಂಥ" ಎಂದ ನಂದೀಶ. "ಹತ್ತು ನಿಮಿಷ ನೋಡು. ಕಣ್ಣು ಮುಚ್ಚಬಾರ್ದು, ಚೀರಬಾರ್ದು. ಗೆದ್ರ ನೀ ಇಲ್ಲೇ ಇರು, ಕೆಲಸಕ್ಕ ಹೋಗು. ಸೋತ್ರ ಇವತ್ತ ನಿನ್ನ ಟಿಕೆಟ್ಟೂ ತಗಸ್ತೀನಿ."

"ಆತು" ಎಂದಳು ರುದ್ರಾಣಿ.

ನಾನು ಬಾಗಿಲ ಕಡೆ ನೋಡಿದೆ. ಏಕೆಂದರೆ ಶುಕ್ರವಾರವೇ ನಾನು ಆ ಹತ್ತು ನಿಮಿಷ ನೋಡಿದ್ದೆ. ನೋಡಿ, ಹಳೆ ಸಾಮಾನಿನ ಅಂಗಡಿಯಿಂದ ಒಂದು ಜೊತೆ ದೊಡ್ಡ ಕಂದು ಬೂಟು ಕೊಂಡು, ಒಳಗೆ ಬರುವ ಮುಂಚೆ ಹೊರಗಿನ ಚಪ್ಪಲಿಗಳ ಸಾಲಿನಲ್ಲಿ ಇಟ್ಟು ಬಂದಿದ್ದೆ. ನಂದೀಶನನ್ನು ಹೆದರಿಸುವ ಆಟ ಅದು. ಆಗ ಪಂಥದ ಸುದ್ದಿ ನನಗೇನು ಗೊತ್ತು? ಎದ್ದು ಹೋಗಿ ತೆಗೆದುಬಿಡೋಣ ಎನ್ನುವಷ್ಟರಲ್ಲಿ ಲೋಹಿತ್ ಪರದೆ ಎಳೆದ. ಅವನ ಹೆಂಡತಿ ಸ್ಮೃತಿ ಟೀವಿ ಹಾಕಿಯೇಬಿಟ್ಟಳು.

ಒಂದು ಬೋರ್ಡಿಂಗ್ ಮನೆ. ಉದ್ದನೆಯ ಓಣಿ, ಎರಡೂ ಕಡೆ ಸೇರಿ ಹನ್ನೊಂದು ಬಾಗಿಲು. ಆ ಕಾಲದ ಪದ್ಧತಿಯಂತೆ ಬಾಡಿಗೆಯವರು ಮಲಗುವ ಮುಂಚೆ ಬೂಟುಗಳನ್ನು ಪಾಲಿಶಿಗೆಂದು ಬಾಗಿಲ ಹೊರಗೆ ಇಟ್ಟಿದ್ದಾರೆ. ಮನೆಯ ಯಜಮಾನಿ ಮುದುಕಿ ಮೇಣದ ಬತ್ತಿ ಹಿಡಿದು ಎಣಿಸುತ್ತ ಬರುತ್ತಾಳೆ. ಸಂಗೀತವಿಲ್ಲ. ಅವಳ ಉಸಿರು, ಅವಳ ಎಣಿಕೆ, ಅಷ್ಟೇ.

ಲೋಹಿತ್ ಬಾಯಿಗೆ ಹಾಕಿಕೊಂಡ ಗಿರ್ಮಿಟ್ಟನ್ನು ಅಗಿಯುವುದು ನಿಲ್ಲಿಸಿದ. ಸ್ಮೃತಿ ಕಂಬಳಿಯಿಂದ ಒಂದು ಕಣ್ಣನ್ನು ಮಾತ್ರ ಹೊರಗೆ ಬಿಟ್ಟಳು. "ಆ ಕಾಲದಾಗ ನೆಲಕ್ಕ ಎಂಥಾ ಕಟ್ಟಿಗಿ ಹಾಕ್ಯಾರ ನೋಡ್ರಿ" ಎಂದು ನಂದೀಶ ಸುಮ್ಮಸುಮ್ಮನೆ ಮಾತಾಡಿದ. ರುದ್ರಾಣಿ ರೆಪ್ಪೆ ಬಡಿಯದೆ ಕೂತಿದ್ದಳು, ಸೀರೆಯ ಅಂಗಡಿಯ ಗೊಂಬೆಯಂತೆ. ಕೈಬೆರಳು ಮಾತ್ರ ಸೋಫಾದ ಅಂಚನ್ನು ಕಚ್ಚಿ ಹಿಡಿದಿತ್ತು.

ಹನ್ನೊಂದು ಬಾಗಿಲು, ಹನ್ನೊಂದು ಜೊತೆ. ಮುದುಕಿ ತಿರುಗುತ್ತಾಳೆ. ಬತ್ತಿಯ ಬೆಳಕು ಓಣಿಯ ಕೊನೆಯ ತನಕ ಹೋಗುತ್ತದೆ. ಅಲ್ಲಿ ಬಾಗಿಲಿಲ್ಲ, ಬರೀ ಗೋಡೆ. ಗೋಡೆಯ ಮುಂದೆ ಹನ್ನೆರಡನೆಯ ಜೊತೆ, ಒದ್ದೆ ಬೂಟು. ತುದಿ ಗೋಡೆಯ ಕಡೆಗಲ್ಲ, ಅವಳ ಕಡೆಗೆ.

ಸ್ಮೃತಿ ಚೀರಿದಳು. ನಂದೀಶ ದಿಂಬನ್ನು ಎದೆಗೆ ಅವಚಿಕೊಂಡ. ರುದ್ರಾಣಿ ಚೀರಲಿಲ್ಲ.

"ನಿಲ್ಸು ನಿಲ್ಸು" ಎಂದು ಲೋಹಿತ್ ರಿಮೋಟ್ ಒತ್ತಿದ. ಧೈರ್ಯ ತಂದುಕೊಳ್ಳಲು ನಕ್ಕ. "ನಮ್ಮ ಬಾಗಿಲ ಮುಂದೆ ಎಷ್ಟಿವೆ ನೋಡ್ಬಿಡ್ತೀನಿ, ಗುರು."

"ಬೇಡ ಕಣೋ, ಕೂತ್ಕೊ" ಎಂದೆ. ಕೇಳುವವನಲ್ಲ, ಹೋದ.

ನಂದೀಶನ ಮನೆಯಲ್ಲಿ ಚಪ್ಪಲಿ ಕಾನೂನು ಬಿಗಿ. ಒಳಗೆ ಒಂದು ಬೂಟೂ ಬರಕೂಡದು. ಮನೆಯವರ ಉಳಿದ ಜೋಡುಗಳೆಲ್ಲ ಗರಾಜಿನಲ್ಲಿ. ಹೊರಗಿನ ಮೆಟ್ಟಿಲ ಬಳಿ ತಲೆಗೆ ಒಂದೇ ಜೊತೆ. ನಾವು ಐದು ಜನ. ನನ್ನ ಕಿತಾಪತಿ ಸೇರಿ ಆರು. 'ಆರು' ಎಂದು ಅವನು ಕೂಗಿದ ತಕ್ಷಣ ಒಪ್ಪಿಕೊಂಡುಬಿಡಬೇಕು, ರುದ್ರಾಣಿಯ ಬಾಯಿಂದ ಚೀತ್ಕಾರ ಹೊರಡುವ ಮುಂಚೆ, ಎಂದು ನಾಲಿಗೆಯ ತುದಿಯಲ್ಲಿ ಮಾತು ಇಟ್ಟುಕೊಂಡು ಕೂತೆ.

ಲೋಹಿತ್ ಬಂದ. ಮುಖ ಸುಣ್ಣ ಬಳಿದಂತಿತ್ತು.

"ಏಳು."

"ಸರಿಯಾಗಿ ಎಣಿಸು" ಎಂದೆ.

"ಮೂರು ಸಲ ಎಣಿಸ್ದೆ ಕಣೋ. ಏಳು ಜೊತೆ. ಎರಡು ಜೊತೆ ನಮ್ಮದಲ್ಲ. ಅದ್ರಲ್ಲಿ ಒಂದು ಒದ್ದೆ."

ಒದ್ದೆ! ನಾನು ಇಟ್ಟದ್ದು ಒಣಗಿದ ಬೂಟು, ಸೂರಿನ ಕೆಳಗೆ. ಅದೇ ಹೊತ್ತಿಗೆ ಮಹಡಿಯ ಮೇಲೆ ಏನೋ ದೊಪ್ಪೆಂದು ಬಿತ್ತು. ಉರುಳಿತು. ನಿಂತಿತು.

ಪಕ್ಕದ ಮನೆಯ ಪ್ಲಾಸ್ಟಿಕ್ಕು ಆ ಕ್ಷಣ ಪಟಪಟ ನಿಲ್ಲಿಸಿತ್ತು.

ಅಂಗಡಿಯಲ್ಲಿ ನಾವೇ ಬಿಲ್ ಮಾಡಿಕೊಳ್ಳುವ ಯಂತ್ರದ ದನಿ ತೆಗೆದು "ಚೀಲದ ಜಾಗದಲ್ಲಿ ಅನಿರೀಕ್ಷಿತ ವಸ್ತು" ಎನ್ನಲು ಹೋದೆ. ನನ್ನ ಹೆಸರುವಾಸಿ ಮಿಮಿಕ್ರಿ ಅದು. ಬಾಯಿಂದ ಕಪ್ಪೆಯ ದನಿ ಬಂತು.

"ಒಂದು ಜೊತೆ ನಾನಿಟ್ಟಿದ್ದು" ಎಂದೆ. "ಕಂದು ಬೂಟು. ತಮಾಷೆಗೆ. ಆಣೆಗೂ ಒಂದೇ ಜೊತೆ."

"ಇನ್ನೊಂದು?" ಎಂದಳು ಸ್ಮೃತಿ.

"ನನಗೆ ಗೊತ್ತಿಲ್ಲ."

ನಾನು ಗೊತ್ತಿಲ್ಲ ಎಂದು ನಿಜವಾಗಿ ಹೇಳಿದ್ದು ಆ ದಿನ ಮೊದಲ ಸಲವಿರಬೇಕು, ಎಲ್ಲರೂ ನಂಬಿಬಿಟ್ಟರು. ಅದರಿಂದಲೇ ಇನ್ನಷ್ಟು ಭಯವಾಯಿತು.

"ಪೊಲೀಸ್ರಿಗೆ ಫೋನ್ ಹಚ್ಚು" ಎಂದು ನಂದೀಶ ಪಿಸುಗುಟ್ಟಿದ. ಅವನು ಯಾವಾಗ ಪರದೆಯ ಹಿಂದೆ ಹೋಗಿದ್ದನೋ ತಿಳಿಯದು.

"ಏನಂತ ಹೇಳ್ಲಿ? ಒಂದು ಜೊತೆ ಶೂ ಜಾಸ್ತಿ ಇದೆ, ಬೇಗ ಬನ್ನಿ ಅಂತಾನಾ?" ಲೋಹಿತ್ ಫೋನನ್ನು ಜೇಬಿನಿಂದ ತೆಗೆದು ಮತ್ತೆ ಒಳಗಿಟ್ಟ.

ರುದ್ರಾಣಿ ಎದ್ದಳು. ಅಡಿಗೆಮನೆಗೆ ಹೋಗಿ ಲಟ್ಟಣಿಗೆ ತಂದಳು.

"ರುದ್ರಾ, ಮ್ಯಾಲ ಹೋಗಬ್ಯಾಡ!"

"ನಾಳಿಯಿಂದ ಮ್ಯಾಲ ಏನ ಬಿದ್ರೂ ನಾನ ನೋಡಬೇಕಲ್ರಿ."

ಹದಿನಾಲ್ಕು ಮೆಟ್ಟಿಲು. ನಾವು ಕೆಳಗೆ ನಿಂತು ಒಂದೊಂದನ್ನೂ ಎಣಿಸಿದೆವು. ಎಣಿಸುವ ರೋಗ ಹತ್ತಿಬಿಟ್ಟಿತ್ತು. ಒಂದು ಬಾಗಿಲು ಕಿರುಗುಟ್ಟಿತು. ಕಪಾಟು ತೆರೆದ ಸದ್ದು. ಇನ್ನೊಂದು ಬಾಗಿಲು. ಆಮೇಲೆ ಏನೂ ಇಲ್ಲ. ಆ ಏನೂ ಇಲ್ಲದ ಸದ್ದು ಎಷ್ಟು ಹೊತ್ತು ಇತ್ತೆಂದರೆ ಸ್ಮೃತಿ ಅಳಲು ಶುರುಮಾಡಿದಳು, ಲೋಹಿತ್ ಮೊದಲ ಮೆಟ್ಟಿಲಿಗೆ ಕಾಲಿಟ್ಟು, ತೆಗೆದು, ಮತ್ತೆ ಇಟ್ಟ.

ರುದ್ರಾಣಿ ಇಳಿದು ಬಂದಳು. ಹಣೆಯಲ್ಲಿ ಬೆವರು. ಒಂದು ಕೈಯಲ್ಲಿ ಲಟ್ಟಣಿಗೆ, ಇನ್ನೊಂದರಲ್ಲಿ ಶಾಂಪೂ ಬಾಟಲಿ.

"ಬಚ್ಚಲಮನಿ ಕಿಡಕಿ ಯಾರು ತಗದಿಟ್ಟಿದ್ರಿ? ಗಾಳಿಗೆ ಬಿದ್ದೈತಿ. ಮಂಚದ ಕೆಳಗೂ ನೋಡಿ ಬಂದೆ, ಯಾರೂ ಇಲ್ಲ. ಏನ್ರಿ, ಪರದೆಯೊಳಗಿನವರ, ಗಡಿಯಾರ ನೋಡ್ರಿ, ಹತ್ತು ನಿಮಿಷ ಆತೇನು?"

"ಆತು" ಎಂದಿತು ಪರದೆ.

"ನಾ ಚೀರಿದೆನೇನು?"

"ಇಲ್ಲ."

"ಹಂಗಾರ ಎಲ್ಲಾರ ಮುಂದ ಹೇಳ್ರಿ."

ನಂದೀಶ ಹೊರಗೆ ಬಂದ. "ನೀ ಇಲ್ಲೇ ಇರು. ಕೆಲಸಕ್ಕ ಹೋಗು. ನಿನಗೇನ ಅಂಜಿಕಿ, ಅಂಜಿಕೀನ ನಿನಗ ಅಂಜತೈತಿ."

ಅವಳು ಬಾಗಿಲು ತೆರೆದು ಹೊರಗೆ ಹೋದಳು. ಸ್ವಲ್ಪ ಹೊತ್ತು ಬರಲಿಲ್ಲ. ಆಮೇಲೆ ಧಡ್ ಧಡ್ ಎಂದು ಹೆಜ್ಜೆ ಕೇಳಿತು, ಹೆಣ್ಣಿನದಲ್ಲದ ಹೆಜ್ಜೆ. ನಂದೀಶ ನನ್ನ ತೋಳು ಹಿಡಿದ. ಬಾಗಿಲಲ್ಲಿ ರುದ್ರಾಣಿ ನಿಂತಿದ್ದಳು, ಕಾಲಲ್ಲಿ ಹೊಚ್ಚ ಹೊಸ, ಒದ್ದೆಯಾದ, ಮೂತಿಗೆ ಉಕ್ಕು ಹಾಕಿದ ಗೋದಾಮಿನ ಬೂಟು.

"ಒಳಗ! ಬೂಟು! ಒಳಗ ಹಾಕ್ಕೊಂಡು ಬಂದಿಯಲ್ಲ!" ಎಂದು ಕೂಗಿದ ನಂದೀಶ, ಆಮೇಲೆ ಬಗ್ಗಿ ಆ ಬೂಟಿನ ಒದ್ದೆ ನೋಡಿದ.

"ನಿನ್ನೆ ತಗೊಂಡೆ" ಎಂದಳು. "ನೀವು ಹೂಂ ಅಂದಿರಲಿಲ್ಲ. ಬೂಟಿನ ಡಬ್ಬೀನ ಕಸದ ಬಿನ್ನಿನ ಹಿಂದ ಮುಚ್ಚಿಟ್ಟಿದ್ದೆ, ಮುಂಜಾನಿ ಮಳಿಗೆ ತೊಯ್ದು ಹೋತು. ಮಂದಿ ಜೋಡಿನೊಳಗ ಇಟ್ರ ಯಾರಿಗೆ ತಿಳಿತೈತಿ ಅಂತ ಇಟ್ಟೆ. ಏಳು ಅಂದಾಗ ನನಗೂ ಜೀವ ಹಾರಿತ್ತು. ನನ್ನ ಲೆಕ್ಕ ಆರು ಇತ್ತು. ಗುರುದತ್ತಣ್ಣಾರು ಒಪ್ಪಿಕೊಂಡ್ರಲ್ಲ, ಆವಾಗ ಸಮಾಧಾನ ಆತು."

"ಅಂದ್ರ ಎಲ್ಲಾ ಗೊತ್ತಿದ್ದ ಮ್ಯಾಲ ಹೋದಿ! ಮೋಸ!"

"ಬೂಟು ಯಾರವು ಅಂತ ಗೊತ್ತಿತ್ತು" ಎಂದಳು ರುದ್ರಾಣಿ. ಲಟ್ಟಣಿಗೆಯನ್ನು ಅವಳು ಇನ್ನೂ ಕೈಯಿಂದ ಇಳಿಸಿರಲಿಲ್ಲ. "ಮ್ಯಾಲ ಬಿದ್ದದ್ದು ಏನಂತ ನನಗೂ ಗೊತ್ತಿರಲಿಲ್ಲ."

ನಂದೀಶ ಆ ಕೈ ನೋಡಿದ. ಬೂಟು ನೋಡಿದ. ತಾನು ನಿಂತಿದ್ದ ಪರದೆ ನೋಡಿದ. ನಾವು ಮೂವರೂ ಮುಗುಳ್ನಗಲೋ ಬೇಡವೋ ಎಂದು ಕಾಯುತ್ತಿದ್ದೆವು. ಅವನ ಹೊಟ್ಟೆ ಮೊದಲು ಅಲುಗಾಡಿತು, ಆಮೇಲೆ ಭುಜ. ಆಮೇಲೆ ನೆಲದ ಮೇಲೆ ಕೂತು, ಅವಳ ಬೂಟಿನ ಲೇಸು ಬಿಗಿಯಾಗಿ ಕಟ್ಟುತ್ತ, ಕಣ್ಣಲ್ಲಿ ನೀರು ಬರುವ ತನಕ ನಕ್ಕ. ಪಕ್ಕದ ಖಾಲಿ ಮನೆಯಿಂದ ಆ ನಗು ತಿರುಗಿ ಬಂದು ನಮಗೆ ಒಂದು ಕ್ಷಣ ಮೈ ಜುಮ್ಮೆಂದಿತು. ಅವನಿಗೆ ಕೇಳಿಸಲೇ ಇಲ್ಲ, ಅಷ್ಟು ಜೋರಾಗಿ ನಗುತ್ತಿದ್ದ.