ಕುದಿಸಿದ ಔಷಧಿ

ನಮ್ಮತ್ತೆ ಬೈರಮ್ಮನವರಿಗೆ ದೇವರ ಮೇಲೆ ಎಷ್ಟು ನಂಬಿಕೆಯೋ ಬ್ಲೀಚಿಂಗ್ ಪೌಡರ್ ಮೇಲೆ ಅದಕ್ಕಿಂತ ಒಂದು ಹಿಡಿ ಜಾಸ್ತಿ. ಕೈಲಾಂಚದ ನಮ್ಮ ಮನೆಗೆ ಅಂಟಿಕೊಂಡೇ ಹುಳದ ಮನೆ ಇದೆ. ರೇಷ್ಮೆ ಹುಳಕ್ಕೆ ರೋಗ ತಗುಲಿದರೆ ಇಡೀ ಬೆಳೆ ತಿಪ್ಪೆಗೆ. ಅದಕ್ಕೇ ಬಾಗಿಲಲ್ಲಿ ಬ್ಲೀಚಿಂಗ್ ನೀರಿನ ಬಕೆಟ್ಟು. ಅದರಲ್ಲಿ ಕೈಕಾಲು ಅದ್ದದೆ ಯಾರೂ ಒಳಗೆ ಹೋಗುವ ಹಾಗಿಲ್ಲ. ಒಮ್ಮೆ ನಮ್ಮಪ್ಪ ಸೋಲೂರಿನಿಂದ ಬಂದಾಗ ಹೊಸ ಚಪ್ಪಲಿ ಬಿಚ್ಚಿಸಿ, ಪಂಚೆ ಎತ್ತಿಸಿ ಅದ್ದಿಸಿದ್ದರು. ನಾನಿನ್ನೂ ಅದನ್ನು ಮರೆತಿಲ್ಲ.

ಇಂಥ ಮನೆಗೆ ನಾನು ಔಷಧಿ ಅಂತ ಕ್ರಿಮಿಗಳನ್ನು ತಂದೆ.

ನನ್ನ ಮಗಳು ಮಾನ್ವಿಗೆ ಐದು ವರ್ಷ. ಪದೇ ಪದೇ ಶೀತ, ಶೀತದ ಬೆನ್ನಿಗೇ ಉಬ್ಬಸ. ಬೆಳಗ್ಗೆ ಎದ್ದರೆ ಎದೆ ಗುಂಯ್ ಅನ್ನುತ್ತಿತ್ತು, ಉಸಿರೆಳೆದಾಗ ಪಕ್ಕೆಲುಬಿನ ಸಂದು ಒಳಕ್ಕೆ ಸೇದಿಕೊಳ್ಳುತ್ತಿತ್ತು. ಅವಳನ್ನು ಹಾಗೆ ಬಿಟ್ಟು ಗಾರ್ಮೆಂಟ್ಸ್ ಬಸ್ಸು ಹತ್ತುವಾಗ ನನ್ನ ಜೀವ ಬಾಯಿಗೆ ಬರುತ್ತಿತ್ತು. ರಾಮನಗರದ ಮಕ್ಕಳ ಡಾಕ್ಟರು ಬಾಯಿಗೆ ಹೊಡೆಯುವ ಪಂಪು ಕೊಟ್ಟರು, ಜೊತೆಗೆ ಪುಡಿಯ ಪ್ಯಾಕೆಟ್ಟುಗಳನ್ನೂ ಬರೆದರು.

“ಇದು ಪ್ರೋಬಯಾಟಿಕ್. ಜೀವ ಇರೋ ಒಳ್ಳೆ ಬ್ಯಾಕ್ಟೀರಿಯಾ,” ಅಂದರು. “ಹೊಟ್ಟೆಗೂ ಎದೆಗೂ ಸಂಬಂಧ ಇದೆ ಅಂತಾರೆ. ಕೆಲವು ಮಕ್ಕಳಿಗೆ ಪದೇ ಪದೇ ಬರೋ ಶೀತ ಕಡಿಮೆ ಆಗಿದೆ. ಎಲ್ಲರಿಗೂ ಆಗುತ್ತೆ ಅಂತ ಹೇಳೋಕಾಗಲ್ಲ. ಪಂಪು ಮಾತ್ರ ಬಿಡಬೇಡಿ. ಮೊಸರೂ ತಿನ್ನಲಿ, ಏನೂ ಆಗಲ್ಲ.”

ಕೆಮ್ಮುವ ಮಗುವಿಗೆ ಮೊಸರು ಅಂದಿದ್ದಕ್ಕೇ ಅತ್ತೆಗೆ ಅರ್ಧ ತಲೆ ಕೆಟ್ಟಿತ್ತು. ಪುಡಿಯ ವಿಷಯ ಹೇಳಿದ ಮೇಲೆ ಪೂರ್ತಿ ಕೆಟ್ಟಿತು.

“ಹುಳದ ಮನೆಗೆ ಒಂದು ಕ್ರಿಮಿ ನುಗ್ಗದಂಗೆ ನಾನು ಜೀವ ತೇಯ್ತಿವ್ನಿ. ನೀನು ಮಗೀನ ಹೊಟ್ಟೆಗೇ ಬುಡ್ತೀನಿ ಅಂತೀಯಲ್ಲವ್ವ.”

“ಇವು ಒಳ್ಳೆ ಕ್ರಿಮಿ ಅತ್ತೆ.”

“ಒಳ್ಳೇವು ಕೆಟ್ಟವು ಅಂತ ಮಕದ್ ಮ್ಯಾಲೆ ಬರ್ಕೊಂಡಿರ್ತವಾ?”

ನನ್ನ ಗಂಡ ಜಯಕುಮಾರ್ “ಡಾಕ್ಟ್ರು ಹೇಳವ್ರೆ, ಕೊಡವ್ವ” ಅಂದು ಹಿಪ್ಪುನೇರಳೆ ತೋಟಕ್ಕೆ ಹೊರಟರು. ಇಬ್ಬರು ಹೆಂಗಸರ ಮಧ್ಯೆ ಸಿಕ್ಕಿಕೊಳ್ಳದೆ ತೋಟಕ್ಕೆ ಜಾರಿಕೊಳ್ಳುವುದರಲ್ಲಿ ಅವರನ್ನು ಮೀರಿಸುವವರಿಲ್ಲ. ಬೆಳಗ್ಗೆ ನಾನು ಮನೆಯಲ್ಲಿರುವುದಿಲ್ಲವಾದ್ದರಿಂದ ಪುಡಿ ಕೊಡುವ ಕೆಲಸ ಅತ್ತೆಯದೇ ಆಯಿತು. ಗೊಣಗಿಕೊಂಡೇ ಒಪ್ಪಿದರು.

ಮಾನ್ವಿ ಚೇತರಿಸಿಕೊಂಡಳು. ಎದೆಯ ಸದ್ದು ನಿಂತಿತು, ಕೋಳಿ ಅಟ್ಟಿಸಿಕೊಂಡು ಓಡಾಡುವಂತಾದಳು. ಆಗ ರೇಷ್ಮೆಗೂಡು ಮಾರಿಯಾಗಿ ಹುಳದ ಮನೆ ಖಾಲಿ ಬಿದ್ದಿತ್ತು, ಅತ್ತೆಗೂ ಬಿಡುವು. ನಾನಂತೂ ಪುಡಿಯ ಮಹಿಮೆಯನ್ನು ಗಾರ್ಮೆಂಟ್ಸಿನಲ್ಲಿ ಪಕ್ಕದ ಮಿಷಿನ್ನಿನ ಮಿಸ್ಬಾಗೂ ಹೇಳಿ, ಅವಳ ಮಗನಿಗೂ ತರಿಸಿಬಿಟ್ಟೆ. ಮನೆಯಲ್ಲಿ ಅತ್ತೆಯ ಎದುರು ಒಸಿ ಜಂಬದಿಂದಲೇ ಓಡಾಡಿದೆ.

ಒಂದು ಭಾನುವಾರ ಅಡುಗೆಮನೆಗೆ ಹೋದರೆ ಅತ್ತೆ ಒಲೆಯ ಮೇಲೆ ಕುದಿಯುತ್ತಿದ್ದ ಹಾಲಿಗೆ ಪ್ಯಾಕೆಟ್ಟು ಹರಿದು ಪುಡಿ ಸುರಿಯುತ್ತಿದ್ದಾರೆ.

“ಅತ್ತೆ, ಅದು ತಣ್ಣಗಿರೋದಕ್ಕೆ ಹಾಕ್ಬೇಕು. ಹಿಂಗ್ ಕುದಿಸಿದ್ರೆ ಎಲ್ಲಾ ಸತ್ತೋಗ್ತವೆ.”

“ಸಾಯ್ಲಿ ಅಂತ್ಲೇ ಕುದಿಸ್ತಿರೋದು,” ಅಂದರು, ಚಮಚ ಆಡಿಸುತ್ತಾ. “ಮೊದ್ಲಿಂದ್ಲೂ ಹಿಂಗೇ ಕೊಡ್ತಿವ್ನಿ. ಡಾಕ್ಟ್ರ ಮಾತೂ ಮೀರಿಲ್ಲ, ಮಗೀಗೂ ಕೇಡು ಮಾಡಿಲ್ಲ.”

ನನಗೆ ಸಿಟ್ಟು ಬಂತು, ಆಮೇಲೆ ಸಿಟ್ಟು ಮಾಡಿಕೊಳ್ಳುವುದು ಯಾಕೆ ಅಂತಲೇ ತಿಳಿಯಲಿಲ್ಲ. ಹೊರಗೆ ಮಾನ್ವಿ ಕುಣಿಯುತ್ತಿದ್ದಾಳೆ. ಜೀವವೇ ಇಲ್ಲದ ಔಷಧಿ ಕುಡಿದು ಇವಳು ಹುಷಾರಾಗಿದ್ದು ಹೇಗೆ? ಪಂಪಿನಿಂದಲೋ, ಹವಾದಿಂದಲೋ, ಅಥವಾ ಅತ್ತೆ ಕಾಯಿಸಿದ ಹಾಲಿನಿಂದಲೋ?

ಮರುವಾರ ಹೊಸ ಬೆಳೆಗೆ ಹುಳದ ಮನೆ ತೊಳೆಯಲು ಶುರುಮಾಡಿದರು. ಗೋಡೆ, ತಟ್ಟೆ, ಹುಳ ಗೂಡು ಕಟ್ಟುವ ಚಂದ್ರಿಕೆ ಎಲ್ಲಕ್ಕೂ ಬ್ಲೀಚಿಂಗ್. ಮಾನ್ವಿ ಅಜ್ಜಿಯ ಸೆರಗು ಹಿಡಿದು ಜೊತೆಯಲ್ಲೇ ಇದ್ದಳು. ಮಾರನೆಯ ಬೆಳಗ್ಗೆ ಮತ್ತೆ ಎದೆ ಗುಂಯ್ ಅಂದಿತು, ತುಟಿ ಬಣ್ಣಗೆಟ್ಟಿತು. ನನಗೆ ತಡೆಯಲಾಗಲಿಲ್ಲ.

“ಸತ್ತ ಔಷಧಿ ಕೊಟ್ರೆ ಇನ್ನೇನಾಯ್ತದೆ? ಇವತ್ತು ಡಾಕ್ಟ್ರ ಹತ್ರ ಬನ್ನಿ. ಅಲ್ಲಿಂದ ಮಗೂನ ಸೋಲೂರಿಗೆ ನಮ್ಮಮ್ಮನ ಹತ್ರ ಬಿಟ್ಬಿಡ್ತೀನಿ.”

ಅತ್ತೆ ಮಾನ್ವಿಯನ್ನು ಎಳೆದು ಅವಚಿಕೊಂಡರು. ಆ ಮಗು ಹುಟ್ಟಿದಾಗಿನಿಂದ ಅವರ ಮಗ್ಗುಲು ಬಿಟ್ಟು ಮಲಗಿಲ್ಲ.

ಆಸ್ಪತ್ರೆಯಲ್ಲಿ ಉಸಿರಾಟದ ಔಷಧಿಯ ಹೊಗೆ ಹಿಡಿಸಿದ ಮೇಲೆ ಮಾನ್ವಿ ಸುಧಾರಿಸಿಕೊಂಡಳು. ನಾನು ಕುದಿಸಿದ ಪುಡಿಯ ಕಥೆಯನ್ನೆಲ್ಲ ದೂರಿನ ಹಾಗೆ ಒಪ್ಪಿಸಿದೆ. ಡಾಕ್ಟರು ಅತ್ತೆಯನ್ನು ಬಯ್ಯುತ್ತಾರೆ ಅಂದುಕೊಂಡರೆ, ಮಗುವಿನ ಕೈ ಹಿಡಿದು ಮೂಸಿ ನೋಡಿದರು.

“ಇದೇನು ವಾಸನೆ?”

“ಬ್ಲೀಚಿಂಗ್ ಸಾಮಿ,” ಬೆಳಗ್ಗಿನಿಂದ ಅತ್ತೆ ಮೊದಲ ಬಾರಿ ಧೈರ್ಯವಾಗಿ ಮಾತಾಡಿದರು. “ಹುಳ ಇರೋ ದಿನ್ದಾಗೆಲ್ಲ ಇವಳ ಕೈಕಾಲೂ ನಾನೇ ಅದ್ದುಸ್ತೀನಿ. ಹುಳಕ್ಕೇ ಅಷ್ಟು ಮಾಡೋರು ನಮ್ ಕೂಸಿಗೆ ಮಾಡಲ್ವಾ? ರೋಗ ಹತ್ರ ಸುಳೀಬಾರ್ದು ಅಂತ.”

ಡಾಕ್ಟರು ಮಗುವಿನ ಕೈ ಕೆಳಗಿಟ್ಟರು. ಆಮೇಲೆ ಮೆಲ್ಲಗೆ, “ಅಜ್ಜಿ, ಉಬ್ಬಸ ಇರೋ ಮಕ್ಕಳಿಗೆ ಆ ವಾಸನೆಯೇ ಆಗಲ್ಲ. ಮಗು ಅದರ ಹತ್ತಿರ ಬರಬಾರದು. ಆ ವಾಸನೆ ಇರೋ ಕೈಯಿಂದ ನೀವೂ ಮುಟ್ಟಬೇಡಿ,” ಅಂದರು.

“ಹಂಗಾದ್ರೆ ಪುಡಿ?” ಅಂತ ಕೇಳಿದೆ.

“ಅದು ಏನಾದರೂ ಮಾಡಿತೋ ಇಲ್ಲವೋ, ನನಗೂ ಗೊತ್ತಿಲ್ಲಮ್ಮ. ಕೊಡೋದಾದರೆ ತಣ್ಣಗೆ ಕೊಡಿ.”

ಊರಿಗೆ ಬರುವ ಬಸ್ಸಿನಲ್ಲಿ ಅತ್ತೆ ನಮ್ಮ ಪಕ್ಕ ಕೂರಲಿಲ್ಲ. ಹಿಂದಿನ ಸೀಟಿನಲ್ಲಿ ಎರಡೂ ಕೈಯನ್ನು ಸೆರಗಿನಲ್ಲಿ ಮುಚ್ಚಿಕೊಂಡು ಕೂತರು. ಗೆದ್ದೆ ಅನ್ನಿಸಬೇಕಿತ್ತು, ಅನ್ನಿಸಲಿಲ್ಲ. ಸೋಲೂರಿನ ಮಾತನ್ನು ನಾನು ಮತ್ತೆ ಎತ್ತಲಿಲ್ಲ.

ಜಯಕುಮಾರ್ ಹುಳದ ಮನೆಗೆ ತೋಟದ ಕಡೆಯಿಂದ ಹೊಸ ಬಾಗಿಲು ಇಡಿಸಿ, ಮನೆಯ ಕಡೆಯದನ್ನು ಇಟ್ಟಿಗೆಯಿಂದ ಮುಚ್ಚಿಸಿದರು. ಬಕೆಟ್ಟು ಆ ಕಡೆಗೆ ಹೋಯಿತು. ಅತ್ತೆ ಹುಳದ ಕೆಲಸ ಮುಗಿಸಿ, ಹಿತ್ತಲಲ್ಲೇ ಸೋಪು ಹಚ್ಚಿ ಸ್ನಾನ ಮಾಡಿ, ಸೀರೆ ಬದಲಿಸಿ ಒಳಗೆ ಬರತೊಡಗಿದರು. ಆದರೂ ಮಗುವನ್ನು ಮುಟ್ಟಲು ಹೆದರುತ್ತಿದ್ದರು. ಮಾನ್ವಿಯ ಎದೆ ಸದ್ದು ಮಾಡಲಿಲ್ಲ. ಹುಳ ಜ್ವರಕ್ಕೆ ಕೂತು, ಪೊರೆ ಕಳಚಿ ಎದ್ದವು, ಹುಡುಗಿ ಚೆನ್ನಾಗಿಯೇ ಇದ್ದಳು.

ಅದಾದ ಮೇಲಿನ ಭಾನುವಾರ ಅತ್ತೆ ತಾವಾಗಿಯೇ ಬಟ್ಟಲಲ್ಲಿ ಮೊಸರು ತಂದು, ಪ್ಯಾಕೆಟ್ಟು ಹರಿದು ಸುರಿದರು. ಬಹಳ ಹೊತ್ತು ಅದನ್ನೇ ನೋಡಿದರು.

“ಜೀವ ಐತಾ ಇವಕ್ಕೆ?”

“ಐತೆ ಅಂತಾರೆ ಅತ್ತೆ.”

“ಬದುಕ್ಲಿ ಬುಡು,” ಅಂದು ಮಗುವನ್ನು ಕರೆದರು. ಮಾನ್ವಿ ಓಡಿ ಬಂದು ಅಜ್ಜಿಯ ಮಡಿಲಿಗೆ ಬಿದ್ದಳು. ಯಾವಾಗಲೂ ಮಾಡುವಂತೆ ಅಜ್ಜಿಯ ಅಂಗೈಗೆ ಮುಖ ಒತ್ತಿದಳು, ಮೂಸಿದಳು, ತಲೆ ಎತ್ತಿ ಗೊಂದಲದಿಂದ ಅವರ ಮುಖ ನೋಡಿದಳು.

“ನಿನ್ ಕೈಲಿ ಅಜ್ಜಿ ವಾಸ್ನೆ ಇಲ್ಲ,” ಅಂದು ಎದ್ದು ಬಂದು ನನ್ನ ಸೀರೆ ಹಿಡಿದುಕೊಂಡಳು.

ನನಗೆ ಅಳು ಬಂತು. ಅತ್ತೆಗೆ ಬರಲಿಲ್ಲ. ಕೈಯಲ್ಲಿದ್ದ ಚಮಚವನ್ನು ನನ್ನ ಕಡೆ ಚಾಚಿದರು.

“ಉಸ್ರು ಸಲೀಸಾಗಿ ಆಡ್ತೈತಲ್ಲ, ಅಷ್ಟು ಸಾಕು,” ಅಂದರು. “ತಗ, ನೀನೇ ತಿನ್ಸು.”