ಸತ್ತ ಹಸುವಿನ ಹಾಲು

ನಾಲ್ಕು ದಿನದಿಂದ ನನ್ನ ಅಕ್ಕ ಹಾಲನ್ನು ಚರಂಡಿಗೆ ಸುರಿಯುತ್ತಿದ್ದಳು. ಡೈರಿಯವರು ತೆಗೆದುಕೊಳ್ಳುತ್ತಿರಲಿಲ್ಲ. ಸತ್ತ ಹಸುವಿನ ಹಾಲು ಕೊಳ್ಳುವ ನಿಯಮ ಅವರಲ್ಲಿರಲಿಲ್ಲ.

ಹಸು ಕೊಟ್ಟಿಗೆಯಲ್ಲಿ ಮೆಲುಕು ಹಾಕುತ್ತಿತ್ತು. ಆದರೆ ಅದರ ಕಿವಿಯೋಲೆಯ ನಂಬರು ಒತ್ತಿದರೆ ಕಂಪ್ಯೂಟರು ಬೇರೆಯದನ್ನೇ ಹೇಳುತ್ತಿತ್ತು: ಹೋದ ತಿಂಗಳು ಕಸಾಯಿಖಾನೆಯಲ್ಲಿ ಕಡಿಯಲಾಗಿದೆ. ಮಾಂಸದಲ್ಲಿ ರೋಗವಿತ್ತು. ರೋಗದ ಮೂಲ, ಅಕ್ಕನ ಕೊಟ್ಟಿಗೆ.

ಅಕ್ಕನ ಮನೆ ನಡೆಯುತ್ತಿದ್ದುದು ಆ ಒಂದೇ ಹಸುವಿನಿಂದ.

ದನಗಳಿಗೆ ನಂಬರಿನ ಓಲೆ ಚುಚ್ಚುವ ದಿನಗೂಲಿ ಕೆಲಸ ನನ್ನದು. ಬೇಸಿಗೆಯಲ್ಲಿ ಆ ಹಸು ತಂತಿಬೇಲಿಗೆ ಕಿವಿ ಸಿಕ್ಕಿಸಿಕೊಂಡು ಓಲೆ ಕಳೆದುಕೊಂಡಿತ್ತು. ಅದೇ ನಂಬರಿನ ಹೊಸ ಓಲೆ ಹಾಕಿದವನು ನಾನೇ. ಹಳೆಯದು ಆಮೇಲೆ ಬೇಲಿಯ ಬುಡದಲ್ಲಿ ಸಿಕ್ಕಿತು.

"ಕೊಡೋ ಇಲ್ಲಿ, ಆಫೀಸಿಗೆ ನಾನೇ ಮುಟ್ಟಿಸ್ತೀನಿ," ಎಂದು ದೊಡ್ಡ ಕೊಟ್ಟಿಗೆಯ ಧಣಿ ಕೈ ಚಾಚಿದರು. ಕೊಟ್ಟೆ. ಧಣಿ ಕೈ ಚಾಚಿದಾಗ ಯಾಕೆಂದು ಕೇಳುವ ಅಭ್ಯಾಸ ನಮ್ಮಲ್ಲಿಲ್ಲ.

ಧಣಿಯ ಕಾಯಿಲೆ ಬಿದ್ದ ಹಸುವೊಂದು ಕಸಾಯಿಖಾನೆಯ ಲಾರಿ ಹತ್ತಿದ ಸುದ್ದಿ ಕೇಳಿದ್ದೆ. ಅದು ಯಾರ ನಂಬರು ಹೊತ್ತು ಹೋಯಿತೆಂದು ಡೈರಿಯವರು ಹಾಲು ಬೇಡವೆಂದ ದಿನವೇ ತಿಳಿಯಿತು. ತಿಳಿದೂ ನಾಲ್ಕು ದಿನ ಬಾಯಿ ಬಿಡಲಿಲ್ಲ. ದಿನಗೂಲಿಯವನ ಕೆಲಸ ಧಣಿಯ ಒಂದು ಫೋನಿಗೆ ಹೋಗುತ್ತದೆ.

ಐದನೆಯ ದಿನ ಪಶು ಇಲಾಖೆಯ ಇನ್ಸ್‌ಪೆಕ್ಟರು ಬಂದರು. ಜೊತೆಗೆ ಸೂಜಿ ಹಿಡಿದ ದನದ ಡಾಕ್ಟರು. ಓಣಿಯ ಜನ, ದೊಡ್ಡ ಕೊಟ್ಟಿಗೆಯಲ್ಲಿ ಹಾಲು ಕರೆಯುವವರು, ಬಾಗಿಲಲ್ಲಿ ಸೇರಿದರು.

"ಹಸು ಕೊಲ್ಲಬೇಕಮ್ಮ."

"ಸತ್ತೋಗಿದೆ ಅಂದ್ರಲ್ಲ ಸ್ವಾಮಿ, ಮತ್ತೆ ಕೊಲ್ಲೋದೇನು?"

"ರೋಗದ ಕೊಟ್ಟಿಗೇಲಿ ಬದುಕಿರೋದನ್ನೆಲ್ಲ ಕೊಲ್ಲಬೇಕು. ರೂಲ್ಸು."

"ಹಾಗಾದ್ರೆ ಪರಿಹಾರ ಕೊಡಿ."

"ಸತ್ತಿರೋದಕ್ಕೆ ಪರಿಹಾರ ಎಲ್ಲಿಂದ ತರಲಿ?"

ಹಸು ಇನ್ಸ್‌ಪೆಕ್ಟರ ತೋಳು ನೆಕ್ಕಿತು. ಅವರು ಬೆಚ್ಚಿ ಹಿಂದೆ ಸರಿದರು.

"ಹೆದರ್ಬೇಡಿ ಸಾರ್, ದೆವ್ವ ಅಲ್ಲ," ಎಂದಳು ಅಕ್ಕ. ಓಣಿ ನಕ್ಕಿತು.

ಡಾಕ್ಟರು ಮೊಬೈಲು ಒತ್ತುತ್ತಿದ್ದರು. "ಸಾರ್, ಇದು ಒಪ್ತಾ ಇಲ್ಲ. ಸತ್ತ ಹಸುಗೆ ಇಂಜೆಕ್ಷನ್ ಯಾಕೆ ಅಂತಿದೆ."

"ಬದುಕಿದೆ ಅಂತ ಹಾಕ್ರೀ. ಐದು ನಿಮಿಷ ತಾನೇ."

"ಹಾಗೇ ಹಾಕಿ. ಬದುಕಿದೆ ಅಂತ ಹಾಕಿದ್ದಕ್ಕೆ ಚೀಟಿ ಕೊಡಿ," ಎಂದಳು ಅಕ್ಕ.

ಡಾಕ್ಟರ ಸೊಂಟದ ಪುಟ್ಟ ಯಂತ್ರ ಚೀಟಿ ಉಗುಳಿತು. ಅಕ್ಕ ಅದನ್ನು ಓಣಿಗೆಲ್ಲ ಕೇಳುವಂತೆ ಓದಿದಳು. ಮತ್ತೆ ತಲೆಯೆತ್ತಿದಳು.

"ನನ್ನ ಹಸು ಬದುಕಿದೆ. ನೀವೇ ಬರೆದಿದ್ದೀರಿ. ಹಾಗಾದ್ರೆ ಹೋದ ತಿಂಗಳು ಕಡಿದದ್ದು ಯಾರ ಹಸು?"

ಅಕ್ಕ ನನ್ನತ್ತ ನೋಡಲಿಲ್ಲ. ನೋಡಿದ್ದರೆ ಸುಮ್ಮನಿರುವುದು ಸುಲಭವಾಗುತ್ತಿತ್ತೇನೋ.

"ಹಳೇ ಓಲೆ ಧಣಿ ಕೈಗೆ ಕೊಟ್ಟಿದ್ದು ನಾನು," ಎಂದೆ.

"ನಾಳೆಯಿಂದ ನಿನಗೆ ಕೆಲಸ ಇಲ್ಲ," ಎಂದರು ಇನ್ಸ್‌ಪೆಕ್ಟರು.

"ಆ ಓಲೆ ಚುಚ್ಚುವಾಗ ಧಣಿ ಹಸುನ ಹಿಡ್ಕೊಂಡಿದ್ದು ನಾನು," ಎಂದಳು ಬಾಗಿಲಲ್ಲಿದ್ದ ಹಾಲು ಕರೆಯುವವಳು. "ಬಾಯಲ್ಲಿ ನೊರೆ ಸುರೀತಿತ್ತು."

"ಅಂಥವು ಅಲ್ಲಿ ಇನ್ನೂ ಏಳಿವೆ," ಎಂದ ಅವಳ ಗಂಡ.

ಅಕ್ಕ ಚೀಟಿಯನ್ನು ಮುಷ್ಟಿಯಲ್ಲಿ ಹಿಡಿದು ಹಸುವಿಗೆ ಅಡ್ಡ ನಿಂತಳು.

"ಔಷಧಿ ಇಲ್ಲಿ ಖರ್ಚು ಮಾಡ್ಬೇಡಿ ಡಾಕ್ಟ್ರೇ. ದೊಡ್ಡ ಕೊಟ್ಟಿಗೇಲಿ ಬೇಕಾಗತ್ತೆ. ನಡೀರಿ."

ಡಾಕ್ಟರು ಇನ್ಸ್‌ಪೆಕ್ಟರ ಮುಖ ನೋಡಿದರು. ಇನ್ಸ್‌ಪೆಕ್ಟರು ನೆಲ ನೋಡಿದರು. ಓಣಿಯವರು ಆಗಲೇ ದೊಡ್ಡ ಕೊಟ್ಟಿಗೆಯತ್ತ ಹೊರಟಿದ್ದರು.