ಒಳ್ಳೇ ರಿಪೋರ್ಟು

ನಂದೀಶನ ಬಲಗಾಲಿನ ಕಾಲುಚೀಲ ಬಿಚ್ಚುತ್ತಿದ್ದ, ನೆಂಟರಲ್ಲಿ ಹಿರಿಯನಾದ ಸೊಣ್ಣಪ್ಪ ಸಟ್ಟನೆ ಕೈ ನಿಲ್ಲಿಸಿದ. ಹೆಣಕ್ಕೆ ನೀರು ಹಾಕಲು ಅಂಗಳದಲ್ಲಿ ಬೆಂಚು ಇಟ್ಟಿದ್ದರು. ಸತ್ತವನ ಭಾಮೈದ ಆಂಜಿ ಬಿಸಿನೀರಿನ ಬಕೆಟ್ಟು ಹಿಡಿದು ಪಕ್ಕದಲ್ಲೇ ನಿಂತಿದ್ದ.

"ಅಯ್ಯೋ ನಾಯನಾ! ಇದೇನಮ್ಮ ಆಶಾ, ನಿನ್ ಗಂಡನ ಕಾಲಲ್ಲಿ ಇಷ್ಟು ದೊಡ್ಡ ಗಾಯ?"

ಆಶಾರಾಣಿ ಎದ್ದು ಬಂದು ನೋಡಿದಳು. ಚೀಲದೊಳಗೆ ಹಳದಿಗಟ್ಟಿದ ಬ್ಯಾಂಡೇಜು, ಅದರ ಕೆಳಗೆ ಹೆಬ್ಬೆರಳಿನ ಬುಡದಲ್ಲಿ ರೂಪಾಯಿ ಅಗಲದ ಗಾಯ. ಅಂಚು ಬೆಳ್ಳಗೆ ಗಟ್ಟಿಯಾಗಿತ್ತು, ನಡುವೆ ಕಪ್ಪು. ಹದಿನಾರು ವರ್ಷ ಜೊತೆಯಲ್ಲಿ ಬಾಳಿದವನ ಕಾಲು ಅದು. ಅವಳು ಈ ಗಾಯವನ್ನು ಕಂಡೇ ಇರಲಿಲ್ಲ. ಈಚೆಗೆ ಮಲಗುವಾಗಲೂ ಚೀಲ ಹಾಕುತ್ತಿದ್ದ. ಕೇಳಿದರೆ, "ಚಳಿ ಕಣೇ" ಅನ್ನುತ್ತಿದ್ದ.

ನಂದೀಶ್ ನರಸಾಪುರದ ಒಂದು ಕಾರ್ಖಾನೆಗೆ ಶಿಫ್ಟ್ ಬಸ್ಸು ಓಡಿಸುತ್ತಿದ್ದವನು. ಮುಳಬಾಗಿಲು, ಶ್ರೀನಿವಾಸಪುರದ ಕಡೆಯ ಕೆಲಸಗಾರರನ್ನು ಹನ್ನೊಂದು ವರ್ಷ ಹೊತ್ತಿಗೆ ಸರಿಯಾಗಿ ಮುಟ್ಟಿಸಿದ್ದ. ನಿನ್ನೆ ಸಂಜೆ ಮನೆಗೆ ಬಂದು, "ಯಾಕೋ ಬೆವರು" ಎಂದು ಮೆಟ್ಟಿಲ ಮೇಲೆ ಕೂತ. ಆಶಾರಾಣಿ ನೀರು ತರುವಷ್ಟರಲ್ಲಿ ಗೋಡೆಗೆ ವಾಲಿಕೊಂಡಿದ್ದ. ನಲವತ್ತಾರು ವಯಸ್ಸು.

ಹಾರ ಹಿಡಿದು ಬಂದ ಡಾಕ್ಟರ್ ಮುರಳಿಮೋಹನ್ ಗಾಯದ ಹತ್ತಿರ ಬಗ್ಗಿದರು. ಜ್ವರವಿರಲಿ, ಕೆಮ್ಮಿರಲಿ, ಈ ಮನೆಗೆಲ್ಲ ಅವರೇ ಡಾಕ್ಟರು.

"ಕಾಲು ನೋವು ಅಂತಿದ್ನಾ ಅಮ್ಮಾ?"

"ಇಲ್ಲ ಸಾರ್."

"ನಿನ್ನೆ ಎದೆ ಹಿಡ್ಕೊಂಡ್ನಾ?"

"ಇಲ್ಲ. ಬರೀ ಬೆವರು."

ಡಾಕ್ಟರು ನಿಧಾನವಾಗಿ ನೆಟ್ಟಗಾದರು. "ನೋವಿಲ್ಲದ ಗಾಯ, ನೋವಿಲ್ಲದ ಹಾರ್ಟ್ ಅಟ್ಯಾಕು. ಶುಗರ್ ಬಲಿತೋರಿಗೆ ಹೀಗಾಗುತ್ತೆ. ಇವನಿಗೆ ಹಿಡಿತದಲ್ಲಿತ್ತಲ್ಲ! ಹೋದ ತಿಂಗಳ ರಿಪೋರ್ಟು ನನ್ನದಕ್ಕಿಂತ ಚೆನ್ನಾಗಿತ್ತು."

ಆಂಜಿ ಬಕೆಟ್ಟು ಕೆಳಗಿಟ್ಟು ಯಾರ ಮುಖವನ್ನೂ ನೋಡದೆ ಹಿತ್ತಲಿಗೆ ಹೋದ. ಆಶಾರಾಣಿ ಅವನು ಹೋಗುವುದನ್ನು ನೋಡಿದಳು.

* * *

ಮೂರು ವರ್ಷದ ಹಿಂದೆ ನಂದೀಶನಿಗೆ ಇದ್ದಕ್ಕಿದ್ದಂತೆ ಬಾಯಾರಿಕೆ ಹತ್ತಿತ್ತು. ಎಷ್ಟು ನೀರು ಕುಡಿದರೂ ಸಾಲದು, ಗಳಿಗೆಗೊಮ್ಮೆ ಬಚ್ಚಲಿಗೆ ಹೋಗಬೇಕು, ಪ್ಯಾಂಟು ಸೊಂಟದಲ್ಲಿ ನಿಲ್ಲದು. ಮುರಳಿಮೋಹನ್ ರಕ್ತ ಪರೀಕ್ಷೆ ಮಾಡಿಸಿ, ಶುಗರ್ ಅಂದರು.

"ಕಂಪನಿಗೆ ಗೊತ್ತಾದ್ರೆ ಸ್ಟೇರಿಂಗು ಬಿಡಿಸ್ತಾರೆ ಸಾರ್."

"ಹಿಡಿತದಲ್ಲಿಟ್ಕೊ, ಯಾಕೆ ಬಿಡಿಸ್ತಾರೆ? ಎರಡು ಹೊತ್ತು ಮಾತ್ರೆ, ದಿನಾ ನಡಿಗೆ."

ಅಂದಿನಿಂದ ಆಶಾರಾಣಿ ಅವನ ಬಾಯಿಗೆ ಕಾವಲು ನಿಂತಳು. ಅನ್ನ ಕಡಿಮೆ ಮಾಡಿದಳು, ಮುದ್ದೆ ಚಿಕ್ಕದು ಮಾಡಿದಳು. ಅವನೊಬ್ಬನೇ ಸಪ್ಪೆ ಟೀ ಕುಡಿಯಬಾರದೆಂದು ತಾನೂ ಸಪ್ಪೆ ಟೀಯನ್ನೇ ಕುಡಿದಳು. ಆರು ತಿಂಗಳಿಗೆ ಕಂಪನಿಯ ಹೆಲ್ತ್ ಕ್ಯಾಂಪಿನ ರಿಪೋರ್ಟು ಬಂತು: ಎಲ್ಲ ನಾರ್ಮಲ್. ಡಾಕ್ಟರು ಕನ್ನಡಕ ಸರಿಮಾಡಿಕೊಂಡು ಎರಡು ಸಲ ಓದಿ ಒಂದು ಹೊತ್ತಿನ ಮಾತ್ರೆ ಕಡಿಮೆ ಮಾಡಿದರು. ಮರುವರ್ಷದ ರಿಪೋರ್ಟು ನೋಡಿ ಇನ್ನೊಂದನ್ನೂ ನಿಲ್ಲಿಸಿದರು.

ಅವತ್ತು ಆಶಾರಾಣಿ ಒಬ್ಬಟ್ಟು ಮಾಡಿದಳು. ಭಾವ, ಭಾಮೈದ ಪಕ್ಕಪಕ್ಕ ಕೂತು ತಿಂದರು. ಒಬ್ಬರ ಮುಖ ಒಬ್ಬರು ನೋಡಿಕೊಂಡು ನೆತ್ತಿಗೇರುವಷ್ಟು ನಕ್ಕರು. ಗಂಡನ ನೆತ್ತಿ ತಟ್ಟುತ್ತ, ಸಂತೋಷಕ್ಕೆ ಎಂದುಕೊಂಡು ಅವಳೂ ನಕ್ಕಿದ್ದಳು.

* * *

ಆಂಜಿ ನುಗ್ಗೆಮರಕ್ಕೆ ಒರಗಿ ಕೂತಿದ್ದ.

"ಏನ್ಲಾ, ಯಾಕೆ ಎದ್ದು ಬಂದೆ?"

"ಅಕ್ಕಾ... ಆ ರಿಪೋರ್ಟಿನ ರಕ್ತ ಭಾವಂದಲ್ಲ."

"ಮತ್ತೆ?"

"ನಂದು."

ಆಶಾರಾಣಿಗೆ ಮಾತು ಕಿವಿಗೆ ಬಿತ್ತು, ತಲೆಗೆ ಹೋಗಲಿಲ್ಲ. ಆಂಜಿ ತಾನೇ ಬಿಡಿಸಿ ಹೇಳಿದ. ಅವನು ಅದೇ ಕಂಪನಿಯ ಯಾರ್ಡಿನಲ್ಲಿ ಬಸ್ಸು ತೊಳೆಯುವವನು. "ಕ್ಯಾಂಪಲ್ಲಿ ಹೆಸರು ಕೂಗ್ತಾರೆ, ಕೈ ನೀಡಿದ್ರೆ ಚುಚ್ತಾರೆ. ಆ ಜನದಲ್ಲಿ ಮುಖ ಯಾರು ನೋಡ್ತಾರೆ? ಇದೊಂದೇ ಸಲ ಕಣೋ ಅಂದ್ರು ಭಾವ. ಆಮೇಲೆ ನಿಲ್ಸೋಕಾಗ್ಲಿಲ್ಲ."

"ಡಾಕ್ಟರು ಮಾತ್ರೆ ನಿಲ್ಸಿದ್ದು ನಿನ್ನ ರಕ್ತ ನೋಡಿ?"

"ಹ್ಞೂಂ."

"ನಾನು ಒಬ್ಬಟ್ಟು ಬಡಿಸಿದ್ದೂ?"

ಆಂಜಿ ಕಾಲ ಬಳಿ ಬಿದ್ದಿದ್ದ ನುಗ್ಗೆ ಎಲೆ ಹೊಸಕತೊಡಗಿದ.

"ಆ ಬ್ಯಾಂಡೇಜು?"

"ನಾನೇ ಕಟ್ತಿದ್ದೆ. ಅಕ್ಕಂಗೆ ಹೇಳ್ಬೇಡ, ಡಾಕ್ಟರತ್ರ ಎಳ್ಕೊಂಡು ಹೋಗ್ತಾಳೆ ಅಂದ್ರು."

"ಎಳ್ಕೊಂಡು ಹೋಗ್ತಿದ್ದೆ ಕಣೋ," ಎಂದಳು ಆಶಾರಾಣಿ. "ಎಳ್ಕೊಂಡೇ ಹೋಗ್ತಿದ್ದೆ."

ನಿನ್ನೆಯಿಂದ ಅತ್ತಿದ್ದ ಕಣ್ಣು ಆಗ ಒಣಗಿತು. ತಮ್ಮನ ಕೆನ್ನೆಗೆ ಬಾರಿಸಬಹುದಿತ್ತು. ಇನ್ನೊಬ್ಬನನ್ನು ಏನು ಮಾಡುವುದು? ಅವನಾಗಲೇ ಮುಖ ತೊಳೆಸಿಕೊಂಡು, ಹಣೆಗೆ ವಿಭೂತಿ ಹಚ್ಚಿಸಿಕೊಂಡು, ಯಾವ ಮಾತಿಗೂ ಸಿಗದವನಾಗಿ ಮಲಗಿದ್ದ.

ಅಂಗಳಕ್ಕೆ ಬಂದು ಡಾಕ್ಟರಿಗೆ ಎಲ್ಲವನ್ನೂ ಹೇಳಿದಳು. ದನಿ ತಗ್ಗಿಸಲಿಲ್ಲ. ಮುರಳಿಮೋಹನ್ ಕನ್ನಡಕ ತೆಗೆದು ಕೈಯಲ್ಲಿ ಹಿಡಿದರು.

"ಪಾದ ಜುಮ್ ಅನ್ನುತ್ತೆ ಅಂತ ಒಂದು ಸಲ ಅಂದಿದ್ದ ಅಮ್ಮಾ. ನಾನು ಕಾಗದ ನೋಡಿ ಕಳಿಸ್ದೆ. ಚೀಲ ಬಿಚ್ಚು ಅನ್ಲಿಲ್ಲ. ನಾನೇ ಇನ್ನೊಂದು ಸಲ ರಕ್ತ ತೆಗೆದು ನೋಡ್ಲಿಲ್ಲ."

ಚಟ್ಟ ಎತ್ತುವ ಹೊತ್ತಾಯಿತು. ಮೂವರು ಬಂದು ನಿಂತರು. ಆಂಜಿ ಮುಂದಿನ ಬಿದಿರಿಗೆ ಹೆಗಲು ಕೊಡಲು ಟವಲು ಮಡಚಿಟ್ಟುಕೊಂಡು ಬಗ್ಗಿದ. ಆಶಾರಾಣಿ ಬಿದಿರಿನ ಮೇಲೆ ಕೈಯಿಟ್ಟಳು.

"ನೀನು ಬೇಡ."

"ಭಾಮೈದ ಕಣಮ್ಮ," ಎಂದ ಸೊಣ್ಣಪ್ಪ. "ನಾಲ್ಕು ಜನ ನೋಡ್ತಿದಾರೆ."

"ನೋಡ್ಲಿ ಮಾವ."

ಯಾರೂ ಮುಂದೆ ಬರಲಿಲ್ಲ. ಕೊನೆಗೆ ಮುರಳಿಮೋಹನ್ ಚಪ್ಪಲಿ ಬಿಟ್ಟು ಬಂದು ಆ ಜಾಗದಲ್ಲಿ ಹೆಗಲು ಕೊಟ್ಟರು. ಅರವತ್ತು ದಾಟಿದವರು, ಉಳಿದ ಮೂವರಿಗಿಂತ ಗಿಡ್ಡ. ಚಟ್ಟ ಅವರ ಕಡೆಗೆ ವಾಲಿಕೊಂಡೇ ಬೀದಿಗಿಳಿಯಿತು. ಹಿಂದೆ ಹಿಂದೆ ಆಂಜಿ ನಡೆಯುತ್ತಿದ್ದ. ಡಾಕ್ಟರು ಎಡವಿದಾಗಲೆಲ್ಲ ಅವನ ಕೈ ತಾನಾಗಿ ಮುಂದೆ ಚಾಚುತ್ತಿತ್ತು, ಬಿದಿರು ಮುಟ್ಟುವ ಮೊದಲೇ ಹಿಂದೆ ಬರುತ್ತಿತ್ತು.